ಹುಬ್ಬಳ್ಳಿಯ ರಾತ್ರಿ, ಅಡ್ಡ ಬಂದ ನಾಯಿ

ವರ್ಕ್ ಫ್ರಮ್ ಹೋಮ್ ಬಗ್ಗೆ ಬರೆದ ಅಂಕಣ ಓದಿ ಒಬ್ಬರು ಒಂದೇ ಸಾಲಿನ ಮೆಸೇಜ್ ಕಳಿಸಿದ್ದರು: "ಬೆಂಗಳೂರು ಬಿಟ್ಟು ಹುಬ್ಬಳ್ಳಿಗೆ ಬಂದೀರಿ, ಛಲೋ ಆತು. ಆದ್ರ ಸಂಜಿ ಏಳರ ಮ್ಯಾಲೆ ಏನ್ ಮಾಡ್ತೀರಿ?"

ನ್ಯಾಯವಾದ ಪ್ರಶ್ನೆ. ನಾನು ಇಲ್ಲೇ ಓದಿ, ಇಲ್ಲೇ ಇಂಜಿನಿಯರಿಂಗ್ ಮುಗಿಸಿ, ಆರು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದು, ಲ್ಯಾಪ್‌ಟಾಪ್ ಸಮೇತ ವಾಪಸ್ ಬಂದವನು. ಸಂಬಳ ಅಲ್ಲಿಯದು, ಊಟ ಇಲ್ಲಿಯದು. ಹಗಲಿನ ಬಗ್ಗೆ ದೂರೇ ಇಲ್ಲ. ರಾತ್ರಿಯ ಬಗ್ಗೆ ಮಾತ್ರ ಉತ್ತರ ರೆಡಿ ಇರಲಿಲ್ಲ. ಅಷ್ಟರಲ್ಲಿ ಹಳೇ ಟೀಮ್‌ನ ಗೆಳೆಯನೊಬ್ಬ ಧಾರವಾಡದಲ್ಲಿ ಮದುವೆ ಇದೆ ಅಂತ ಬಂದ. ಮೈಸೂರಿನವನು. ಶನಿವಾರ ಸಂಜೆ ನಮ್ಮ ಮನೆಯ ಸೋಫಾದ ಮೇಲೆ ಕಾಲು ಚಾಚಿ, "ಏನ್ ಗುರು, ನಿಮ್ಮೂರಲ್ಲಿ ನೈಟ್‌ಲೈಫ್ ಏನಿದೆ? ತೋರ್ಸು ಇವತ್ತು" ಅಂದ.

ನಾನು ಬೆರಳು ಮಡಚುತ್ತ ಲೆಕ್ಕ ಕೊಟ್ಟೆ. ಉಣಕಲ್ ಕೆರೆಯ ದಂಡೆ. ದುರ್ಗದ ಬೈಲಿನ ಗಿರ್ಮಿಟ್ಟು, ಮಿರ್ಚಿ. ಕಣ್ಣಲ್ಲಿ ನೀರು ತರಿಸೋ ಸಾವಜಿ ಊಟ. 2023ರಲ್ಲಿ ಉದ್ಘಾಟನೆಯಾದ, 1507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದ ಅನ್ನಿಸಿಕೊಂಡಿರೋ ರೈಲ್ವೆ ಪ್ಲಾಟ್‌ಫಾರ್ಮು. ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಒಂದು ದಿನದ ವಾಕಿಂಗೇ ಮುಗೀತು. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು ಇದ್ದ ಊರುಗಳಿವು, ನಮ್ಮಲ್ಲಿ ನೈಟ್‌ಲೈಫ್ ಅಂದರೆ ಬೆಳಗಿನ ತನಕ ಸಂಗೀತ ಕೇಳೋದೂ ಹೌದು ಅಂತ ಸೇರಿಸಿದೆ.

"ಅದೆಲ್ಲ ಸರಿ. ಕಾಕ್‌ಟೇಲ್ ಎಲ್ಲಿ ಸಿಗುತ್ತೆ?"

ಏಷ್ಯಾದ ಅತ್ಯುತ್ತಮ ಬಾರುಗಳ ಪಟ್ಟಿಯಲ್ಲಿ ಹೆಸರು ಮಾಡಿದ ಕೋಪಿಟಾಸ್, ಝಡ್‌ಎಲ್‌ಬಿ 23 ಇರೋ ಊರಿನಿಂದ ಬಂದವನಿಗೆ ಪ್ಲಾಟ್‌ಫಾರ್ಮ್ ತೋರಿಸಿ ಸಮಾಧಾನ ಮಾಡೋದು ಕಷ್ಟ. ನಾನು, ನನ್ನ ಹೆಂಡತಿ, ಅವನು, ಮೂವರೂ ಆಟೋ ಹಿಡಿದು ಹೊರಟೆವು. ಮನೆಯ ಎರಡೂ ಗಾಡಿಗಳ ಕೀ ಗೋಡೆಯ ಮೊಳೆಯಲ್ಲೇ ಉಳಿದವು. ಅದು ನನ್ನ ಹೆಂಡತಿಯ ನಿಯಮ. ಅವಳು ಕುಡಿಯುವುದಿಲ್ಲ, ಆದರೆ ಕುಡಿದವರನ್ನು ಹಿಂದೆ ಕೂರಿಸಿಕೊಂಡು ಗಾಡಿ ಓಡಿಸೋದೂ ಇಲ್ಲ.

ಮೊದಲು ಹೋಗಿದ್ದು ಗೋಕುಲ ರೋಡಿನ ಒಂದು ಹೋಟೆಲಿನ ಬಾರಿಗೆ. ಎಂಟು ಟೇಬಲ್, ಮುಖ ಕಾಣುವಷ್ಟು ಬೆಳಕು, ಪಕ್ಕದವರ ಮಾತು ಕೇಳಿಸದಷ್ಟು ಹಾಡು. ಕೌಂಟರಿನ ಹಿಂದೆ ಇದ್ದ ಹುಡುಗ ಕಲಘಟಗಿ ಕಡೆಯವನು, ಕೆಲವು ವರ್ಷ ಗೋವಾದಲ್ಲಿ ಕೆಲಸ ಮಾಡಿ ಬಂದವನು. ಮೆನುವಿನಲ್ಲಿ ಎಲ್ಲಾ ಕಡೆ ಸಿಗೋ ಮೊಹಿಟೊ, ಕಾಸ್ಮೊ ಇದ್ದವು. ಗೆಳೆಯ ಅದನ್ನು ಮಡಚಿಟ್ಟು, "ನಿಮ್ಮೂರಿನ ರುಚಿ ಇರೋದೇನಾದ್ರೂ ಮಾಡ್ತೀರಾ?" ಅಂತ ಕೇಳಿದ. ಹುಡುಗನ ಮುಖ ಅರಳಿತು. ಈ ಪ್ರಶ್ನೆಗೆ ಅವನು ಬಹಳ ದಿನದಿಂದ ಕಾಯ್ತಿದ್ದ ಅನ್ನಿಸ್ತು.

ಕೋಕಂ ರಸ, ಬೆಲ್ಲದ ಪಾಕ, ನಿಂಬೆ, ಜಿನ್. ಗ್ಲಾಸಿನ ಅಂಚಿಗೆ ಉಪ್ಪು ಮತ್ತು ಬ್ಯಾಡಗಿ ಮೆಣಸಿನಕಾಯಿ ಪುಡಿ. ಬ್ಯಾಡಗಿಯ ಗುಣ ನಿಮಗೆ ಗೊತ್ತಲ್ಲ: ಬಣ್ಣ ಜಾಸ್ತಿ, ಖಾರ ಕಡಿಮೆ. ಒಂದು ಗುಟುಕಿಗೆ ಮೊದಲು ಉಪ್ಪು, ಆಮೇಲೆ ಹುಳಿ, ಕೊನೆಗೆ ಬೆಲ್ಲ ಬರ್ತಿತ್ತು. ಅಜ್ಜಿ ಮನೆಯ ಬೇಸಿಗೆ ಪಾನಕ ದೊಡ್ಡದಾಗಿ ಕೆಲಸಕ್ಕೆ ಸೇರಿದಂಗೆ. ಬೆಲೆ 450 ರೂಪಾಯಿ. ಗೆಳೆಯ "ಬೆಂಗಳೂರಲ್ಲಾಗಿದ್ರೆ ಡಬಲ್" ಅಂದ. ನನ್ನ ಹೆಂಡತಿ ಅದನ್ನೇ ಜಿನ್ ಇಲ್ಲದೆ ಮಾಡಿಸಿಕೊಂಡು, "ನಂದs ಛಲೋ ಐತಿ" ಅಂದಳು. ರುಚಿ ನೋಡಿದೆ. ನಿಜ.

ಶೇಕರ್ ಅಲ್ಲಾಡಿಸುತ್ತ ಹುಡುಗ ಹೇಳಿದ ಒಂದು ಮಾತು ನನಗೆ ಹಿಡಿಸಿತು. "ಸರ್, ಐಸ್ ತಣ್ಣಗ ಮಾಡಾಕಷ್ಟ ಅಲ್ರಿ. ಕರಗಿ ನೀರಾಗಾಕ. ನೀರೂ ರೆಸಿಪಿ ಒಳಗಿಂದು." ಆಮೇಲೆ ಓದಿ ನೋಡಿದೆ, ಅವನು ಹೇಳಿದ್ದು ಸರಿ. ಅಮೆರಿಕದ ಒಂದು ಪತ್ರಿಕೆ 1806ರಲ್ಲಿ ಕಾಕ್‌ಟೇಲ್ ಅಂದರೇನು ಅಂತ ವಿವರಿಸುವಾಗ ಕೊಟ್ಟ ನಾಲ್ಕು ಪದಾರ್ಥಗಳಲ್ಲಿ ನೀರೂ ಒಂದು. ಉಳಿದವು ಮದ್ಯ, ಸಕ್ಕರೆ, ಕಹಿ ಬಿಟರ್ಸ್. ಹಾಗಂತ ಕಾಕ್‌ಟೇಲ್ ಸಾಧುಪ್ರಾಣಿ ಅಂದುಕೊಳ್ಳಬೇಡಿ. ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಅನ್ನೋದರಲ್ಲಿ ಟೀ ಇರೋದೇ ಇಲ್ಲ, ಐದು ಥರದ ಮದ್ಯ ಇರುತ್ತೆ. ಸಿಹಿ ಅಂತ ಗಟಗಟ ಇಳಿಸಿದರೆ ಅದು ಮೆಟ್ಟಿಲಲ್ಲಿ ಸಿಕ್ಕು ಮಾತಾಡಿಸುತ್ತೆ.

ಒಂದೊಂದು ಗ್ಲಾಸು ಮುಗಿಯೋಕೆ ಒಂದು ತಾಸು ಹಿಡಿಯಿತು. ಕುಡಿದಿದ್ದು ಕಡಿಮೆ, ಮಾತಾಡಿದ್ದು ಜಾಸ್ತಿ. ಹೊರಗೆ ಬಂದಾಗ ಗೆಳೆಯ, "ಇದು ಚೆನ್ನಾಗಿತ್ತು. ಆದ್ರೆ ಇಂಥದ್ದು ಎಲ್ಲಾ ಊರಲ್ಲೂ ಇರುತ್ತೆ. ನಿಮ್ಮೂರಿನ ಅಸಲಿ ಬಾರ್ ತೋರ್ಸು, ಅಲ್ಲೇ ಊಟ ಮಾಡೋಣ" ಅಂದ.

ಅಸಲಿ ಬಾರು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹೊರಗೆ ಟ್ಯೂಬ್‌ಲೈಟಿನ ಬೋರ್ಡು, ಬಾಗಿಲಿಗೆ ದಪ್ಪ ಪರದೆ, ಒಳಗೆ ಎದುರು ಕೂತವರ ಮುಖ ಕಾಣದಷ್ಟು ಮಬ್ಬು. ಪಕ್ಕದಲ್ಲೊಂದು ಸಣ್ಣ ಬಾಗಿಲು, ಅದರ ಮೇಲೆ 'ಫ್ಯಾಮಿಲಿ ರೂಮ್'. ಹೆಂಗಸರು ಜೊತೆಗಿದ್ದರೆ ಪ್ಲೈವುಡ್ ಹೊಡೆದ ಆ ಗೂಡುಗಳಲ್ಲೇ ಕೂರಬೇಕು. ಅದಕ್ಕೂ ಒಂದು ಪರದೆ. ಊಟ ಅದ್ಭುತ, ಆದರೆ ಊಟ ಮಾಡ್ತಿದ್ದೀವೋ ತಲೆಮರೆಸಿಕೊಂಡಿದ್ದೀವೋ ಅನ್ನೋ ಅನುಮಾನ ಬರುತ್ತೆ.

ಹಳೇ ಹುಬ್ಬಳ್ಳಿ ಕಡೆಯ ಅಂಥದ್ದೊಂದು ಬಾರಿಗೆ ಹೋದಾಗ ಒಂಬತ್ತು ಗಂಟೆ. ಫ್ಯಾಮಿಲಿ ರೂಮಿಗೆ ಹೋಗೋ ದಾರಿ ಕೌಂಟರಿನ ಪಕ್ಕದಲ್ಲೇ. ಅಲ್ಲಿ ಏಳೆಂಟು ಜನ ನಿಂತಿದ್ದರು. ಯಾರೂ ಯಾರನ್ನೂ ನೋಡ್ತಿರಲಿಲ್ಲ. ಒಬ್ಬರು ಗ್ಲಾಸಿಗೆ ಪೂರ್ತಿ ನೈಂಟಿ ಸುರಿದು, ಮೇಲೆ ಸ್ವಲ್ಪ ನೀರು ತೋರಿಸಿ, ಮೂರೇ ಗುಟುಕಿಗೆ ಇಳಿಸಿ, ಅಂಗೈಯಲ್ಲಿದ್ದ ಸೇವು ಬಾಯಿಗೆ ಹಾಕಿಕೊಂಡು ತಿರುಗಿದರು.

ನಮ್ಮ ಕಾಕಾ.

ಅಪ್ಪನ ಸ್ವಂತ ತಮ್ಮ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರ್ ಆದವರು. ನನಗೆ ಸೈಕಲ್ ಕಲಿಸಿದವರು, ಇಂಜಿನಿಯರಿಂಗ್ ಸೀಟು ಸಿಕ್ಕ ದಿನ ಓಣಿ ತುಂಬ ಪೇಢೆ ಹಂಚಿದವರು. ಮನೆಯಲ್ಲಿ ಯಾರೂ ಅವರ ಕೈಯಲ್ಲಿ ಗ್ಲಾಸು ಕಂಡವರಲ್ಲ. ನನ್ನ ಕಡೆ ನೋಡಿದರು, ಆಮೇಲೆ ನನ್ನ ಹಿಂದಿದ್ದ ಸೊಸೆಯ ಕಡೆ. ಅರವತ್ತು ದಾಟಿದ ಮನುಷ್ಯ, ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಗ್ಲಾಸನ್ನು ಬೆನ್ನ ಹಿಂದೆ ಹಿಡಿದರು.

"ಯಾವಾಗ ಬಂದ್ರೆಪಾ? ಇಲ್ಲೆ ಒಬ್ಬವ್ರು ಭೆಟ್ಟಿ ಆಗ್ತೀನಿ ಅಂದಿದ್ರು..."

ನನಗೆ ಏನು ಹೇಳಬೇಕು ತಿಳಿಯಲಿಲ್ಲ. ಅವರ ಇನ್ನೊಂದು ಕೈಯಲ್ಲಿ ಸ್ಕೂಟರಿನ ಕೀ ಇತ್ತು. ನನ್ನ ಕಣ್ಣು ಅಲ್ಲೇ ನಿಂತಿತು. ಮಾತಾಡಿದ್ದು ನನ್ನ ಹೆಂಡತಿ. ಅಂಗಡಿಯಲ್ಲೋ ದೇವಸ್ಥಾನದಲ್ಲೋ ಸಿಕ್ಕವರನ್ನು ಮಾತಾಡಿಸಿದಷ್ಟೇ ಸಲೀಸಾಗಿ: "ಮಾವಾರ, ನಿಂತೀರಿ ಯಾಕ? ಒಳಗ ಬರ್ರಿ. ನಮ್ದೂ ಊಟ ಆಗಿಲ್ಲ, ಕೂಡೇ ಮಾಡೂಣು."

"ನೀ ನಡಿಯವ್ವಾ, ನಾ ಹೊಂಟೆ. ಏರೂದ್ರಾಗ ಮನಿ ಮುಟ್ಟಬೇಕು."

'ಏರೂದ್ರಾಗ ಮನಿ ಮುಟ್ಟಬೇಕು.' ಈ ಮಾತನ್ನು ನಾನು ಆ ರಾತ್ರಿ ಪೂರ್ತಿ ಅಗಿಯುತ್ತಿದ್ದೆ. ಕೀ ಅವರ ಕೈಯಿಂದ ಹೇಗೆ ಇಸ್ಕೊಂಡೆನೋ ನೆನಪಿಲ್ಲ. ಐದು ನಿಮಿಷದಲ್ಲಿ ನಾಲ್ವರೂ ಪ್ಲೈವುಡ್ ಗೂಡಿನಲ್ಲಿ ಕೂತಿದ್ದೆವು. ನನ್ನ ಹೆಂಡತಿ ಮೊದಲು ಮಾಡಿದ ಕೆಲಸ, ಆ ಪರದೆಯನ್ನು ಪಕ್ಕಕ್ಕೆ ಸರಿಸಿ ಮೊಳೆಗೆ ಸಿಗಿಸಿದ್ದು.

ಊಟ ಬರೋ ತನಕ ನೆಟ್ಟಗೆ ಮಾತಿಲ್ಲ. ರೊಟ್ಟಿ, ಸಾವಜಿ ಮಟನ್, ಸೌತೆಕಾಯಿ, ಉಳ್ಳಾಗಡ್ಡಿ ಬಂದವು. ಖಾರಕ್ಕೆ ನನ್ನ ಗೆಳೆಯನ ಮೂಗು ಸೋರತೊಡಗಿ, ಅವನು "ಅಂಕಲ್, ಇದನ್ನ ದಿನಾ ತಿಂದು ನೀವು ಬದುಕಿರೋದೇ ದೊಡ್ಡದು" ಅಂದಾಗ ಕಾಕಾ ಮೊದಲ ಸಲ ನಕ್ಕರು. ಆಮೇಲೆ ಇನ್ನೊಂದು ಸಣ್ಣ ಪೆಗ್ ತಾವೇ ಕೇಳಿ ತರಿಸಿದರು, ಮೂವತ್ತು ಎಂಎಲ್. ಮಗನ ವಯಸ್ಸಿನವರ ಎದುರು ಕೂತು ಕುಡಿಯೋದು ಹೆಂಗೆ ಅಂತ ಗೊತ್ತಿಲ್ಲದವರ ಥರ, ಅದನ್ನು ಒಂದು ತಾಸು ಇಟ್ಟುಕೊಂಡಿದ್ದರು. ಐಸ್ ಕರಗಿ ನೀರಾಯ್ತು. ಗೋಕುಲ ರೋಡಿನ ಹುಡುಗನ ಮಾತು ನೆನಪಾಯ್ತು.

"ಕಾಕಾ, ನಿಂತ್ಕೊಂಡ ಅಷ್ಟ ಗಡಬಡಿಸಿ ಯಾಕ್ರಿ?" ಅಂತ ಕೇಳಿಯೇಬಿಟ್ಟೆ.

"ನಿಂತ್ರ ಐದ ನಿಮಿಷದ ಕೆಲಸ ತಮ್ಮಾ. ಕುಂತ್ರ ಯಾರರ ನೋಡತಾರ."

ಇದು ಬರೀ ಕಾಕಾನ ಸ್ವಭಾವ ಅಲ್ಲ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆ ರಾಜ್ಯ 1949ರಲ್ಲಿ ಪಾನನಿಷೇಧ ಕಾಯ್ದೆ ತಂದಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ರಾಜಾರೋಷವಾಗಿ ಬಿಯರ್ ಕುಡಿದು ಹೋದರು. ನಮ್ಮ ಕಡೆ ನನ್ನ ಅಜ್ಜನ ಪ್ರಾಯದವರು ಕತ್ತಲಲ್ಲಿ ಕುಡಿಯೋದನ್ನ ಕಲಿತರು. ಕಾಯ್ದೆ ಬದಲಾಗಿ ಎಷ್ಟೋ ವರ್ಷವಾಯ್ತು, ಬೋರ್ಡಿಗೆ ಲೈಟು ಬಂತು. ಪರದೆ ಮಾತ್ರ ಇಳಿದೇ ಇದೆ. "ಅಪ್ಪ ಹಿತ್ತಲ ಬಾಗಿಲಾ ಹಾಕ್ಕೊಂಡು ಕುಡೀತಿದ್ದ. ನಾವೂ ಹಂಗ ಕಲತ್ವಿ" ಅಂದರು ಕಾಕಾ.

ಕದ್ದು ಕುಡಿಯೋದು ಅಂದರೆ ಬೇಗ ಕುಡಿಯೋದು. ಇಲ್ಲಿ ಒಂದು ಸಣ್ಣ ಲೆಕ್ಕ ಹೇಳ್ತೀನಿ, ಇಂಜಿನಿಯರ್ ಚಟ. ನಮ್ಮಲ್ಲಿ ಸಿಗೋ ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್. ಮೂವತ್ತು ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. ಅಷ್ಟನ್ನು ಕರಗಿಸೋಕೆ ದೇಹಕ್ಕೆ ಹತ್ತಿರ ಹತ್ತಿರ ಒಂದು ತಾಸು ಬೇಕು. ನೈಂಟಿ ಅಂದರೆ ಮೂರು ತಾಸು, ಕ್ವಾರ್ಟರ್ ಅಂದರೆ ಆರು. ನಿಂಬೆಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರು ಯಾವುದೂ ಈ ಗಡಿಯಾರವನ್ನು ಮುಂದೆ ಓಡಿಸೋದಿಲ್ಲ. ಏಲಕ್ಕಿ ಮುಚ್ಚೋದು ವಾಸನೆಯನ್ನಷ್ಟೇ. ಇನ್ನು ಕುಡಿದ ಕೂಡಲೇ ರಕ್ತದಲ್ಲಿ ಪ್ರಮಾಣ ತುತ್ತತುದಿಗೆ ಹೋಗೋದಿಲ್ಲ. ಸಾಮಾನ್ಯವಾಗಿ ಅರ್ಧ ತಾಸಿನಿಂದ ಒಂದು ತಾಸು ಬೇಕು. ಅಂದರೆ ಮೂರು ಗುಟುಕಿಗೆ ನೈಂಟಿ ಇಳಿಸಿ 'ಏರೂದ್ರಾಗ' ಮನೆ ಮುಟ್ಟಬೇಕು ಅಂತ ಗಾಡಿ ಹತ್ತಿದವನಿಗೆ ಅದು ಏರೋದು ನಡುರಸ್ತೆಯಲ್ಲೇ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಗಡಬಡಿಸಿ ಎರಡು ಸಣ್ಣ ಪೆಗ್ ಹಾಕಿದರೇ ಅದನ್ನು ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಈ ಲೆಕ್ಕವನ್ನು ಕಾಕಾಗೆ ಟಿಶ್ಯೂ ಪೇಪರಿನ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಎಡ ಭುಜ ಮುಟ್ಟಿಕೊಂಡರು.

ಆ ಭುಜದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೋದ ವರ್ಷ ಮಳೆಗಾಲದಲ್ಲಿ ರಾತ್ರಿ ಒಂಬತ್ತೂವರೆಗೆ ಕಾಕಾ ಸ್ಕೂಟರಿನಿಂದ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದರು. ಪ್ಲೇಟ್ ಹಾಕಿಸಬೇಕಾಯಿತು. ಎಡಗೈ ಇವತ್ತಿಗೂ ಪೂರ್ತಿ ಮೇಲೆ ಏಳೋದಿಲ್ಲ. ಕಾರಣ: ನಾಯಿ ಅಡ್ಡ ಬಂತು. ಇಡೀ ಮನೆತನ ಆ ನಾಯಿಗೆ ಶಾಪ ಹಾಕಿದೆ. ಬೀದಿನಾಯಿ ಹಾವಳಿ ಅಂತ ನಾನು ಪಾಲಿಕೆಗೆ ದೂರು ಕೊಟ್ಟಿದ್ದೆ. ಇದೇ ಅಂಕಣದಲ್ಲೂ ಒಂದು ಸಲ ಗರಮ್ ಆಗಿ ಬರೆದಿದ್ದೆ, ನೆನಪಿದ್ದವರು ಇರಬಹುದು.

"ನಾಯಿ ಬಂದಿರಲಿಲ್ಲೋ ತಮ್ಮಾ," ಅಂದರು ಕಾಕಾ, ಟಿಶ್ಯೂ ಪೇಪರಿನಿಂದ ಕಣ್ಣೆತ್ತದೆ. "ರೋಡ ಎರಡ ಕಂಡ್ವು. ನಾ ಇಲ್ಲದ್ದರ ಮ್ಯಾಲೆ ಹೋದೆ."

ಯಾರೂ ನಗಲಿಲ್ಲ. ಆಮೇಲೆ ಅವರೇ ಸ್ವಲ್ಪ ನಕ್ಕರು. ನನ್ನ ಹೆಂಡತಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಕಣ್ಣು ಒರೆಸಿಕೊಂಡಳು. ಸಾವಜಿ ಖಾರ ಅಂತ ಒಂದು ನೆವ ನಮ್ಮೂರಲ್ಲಿ ಯಾವಾಗಲೂ ಇರುತ್ತಲ್ಲ.

ಸ್ಕೂಟರನ್ನು ಬಾರಿನ ವಾಚ್‌ಮನ್‌ಗೆ ಒಪ್ಪಿಸಿ ಹೊರಗೆ ಬಂದಾಗ ಹತ್ತೂಕಾಲು. ಗೆಳೆಯನಿಗೆ ಇನ್ನೂ ದುರ್ಗದ ಬೈಲು ತೋರಿಸಿರಲಿಲ್ಲ. ಅಂಗಡಿಗಳು ಮುಚ್ಚೋ ತಯಾರಿಯಲ್ಲಿದ್ದವು, ಆದರೂ ಒಬ್ಬ ನಮಗಾಗಿ ಕೊನೆಯ ಗಿರ್ಮಿಟ್ಟು ಕಲಸಿಕೊಟ್ಟ. ಚುರುಮುರಿ, ಹುಳಿ ಒಗ್ಗರಣೆ, ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಪಕ್ಕಕ್ಕೆ ಮಿರ್ಚಿ. ಕಾಕಾ ಒಂದು ಕಟ್ಟೆಯ ಮೇಲೆ ಕೂತು, ಗೆಳೆಯನಿಗೆ ವರ್ಕ್‌ಶಾಪಿನ ಕಥೆ ಹೇಳುತ್ತ ತಿಂದರು. ಹೋಗಿಬರೋರೆಲ್ಲ ನೋಡ್ತಿದ್ದರು. ಬೀದಿ ಲೈಟು ನೇರ ಮುಖದ ಮೇಲೆ ಬೀಳ್ತಿತ್ತು. ಗಿರ್ಮಿಟ್ಟು ತಿನ್ನೋದಕ್ಕೆ ನಮ್ಮೂರಲ್ಲಿ ಯಾರೂ ಪರದೆ ಹಾಕೋದಿಲ್ಲ. ಅದಕ್ಕೇ ಅಲ್ಲಿ ಯಾರಿಗೂ ಗಡಿಬಿಡಿ ಇರಲಿಲ್ಲ.

ಆಟೋದಲ್ಲಿ ಗೆಳೆಯ ನನ್ನ ಕಿವಿಯಲ್ಲಿ, "ಗುರು, ಬೆಂಗಳೂರಲ್ಲೂ ನಾವು ಗ್ಲಾಸಿಗೆ ಅಷ್ಟು ದುಡ್ಡು ಕೊಡೋದು ಒಳಗಿರೋ ಎಣ್ಣೆಗಲ್ಲ, ಚೇರಿಗೆ" ಅಂದ. ನನಗೂ ಹಾಗೇ ಅನ್ನಿಸ್ತು. ಕೋಕಂ ಕಾಕ್‌ಟೇಲು ಒಂದು ತಾಸು ಬಂದಿದ್ದು ಅದರ ರೆಸಿಪಿಯಿಂದ ಮಾತ್ರ ಅಲ್ಲ. ಕೂರೋಕೆ ಜಾಗ, ಮುಖ ಕಾಣೋ ಬೆಳಕು, ಎದುರಿಗೆ ನಮ್ಮವರು ಇದ್ದರು. ಅದೇ ಮೂರು ಸಿಕ್ಕಾಗ ಕಾಕಾನ ಮೂವತ್ತು ಎಂಎಲ್ ಕೂಡ ಒಂದು ತಾಸು ಬಂತು.

ಕೇಶ್ವಾಪುರದ ಮನೆಯ ಬಾಗಿಲು ತೆಗೆದದ್ದು ಚಿಗವ್ವ. ಆಟೋ ನೋಡಿದಳು, ನಮ್ಮನ್ನು ನೋಡಿದಳು, ಆಮೇಲೆ ಗಂಡನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ನಾನು ಏನೋ ಒಂದು ಸುಳ್ಳು ಜೋಡಿಸ್ತಿದ್ದೆ. ಕಾಕಾ ನನಗಿಂತ ಮೊದಲೇ, "ಹುಡುಗ್ರ ಜೋಡಿ ಕುಂತಿದ್ದೆ. ಊಟ ಆತು. ಗಾಡಿ ಅಲ್ಲೇ ಬಿಟ್ಟ ಬಂದೀನಿ" ಅಂದರು. ಮೂರಕ್ಕೆ ಮೂರೂ ನಿಜ.

ಚಿಗವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವರು ಒಳಗೆ ಹೋಗುವಾಗ ತಣ್ಣಗೆ ಕೇಳಿದಳು: "ಯಾಕ, ಈ ಸಲ ನಾಯಿ ಸಿಗಲಿಲ್ಲೇನು?"

ಒಂದು ವರ್ಷದಿಂದ ಆಕೆಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಬಂದವರಿಗೆಲ್ಲ ನಾಯಿಯ ಬಣ್ಣ ಸಮೇತ ಹೇಳಿದವಳು ಅವಳೇ.

ಕಾಕಾ ಕುಡಿಯೋದು ಬಿಟ್ಟರು ಅಂತ ಬರೆದರೆ ನಿಮಗೆ ಖುಷಿ ಆಗಬಹುದು, ಆದರೆ ಬಿಟ್ಟಿಲ್ಲ. ಗಾಡಿಯ ಕೀ ಚಿಗವ್ವನ ಹತ್ತಿರ ಇರುತ್ತೆ, ಅಷ್ಟು ಬದಲಾಗಿದೆ. ತಿಂಗಳಿಗೆ ಎರಡು ಶನಿವಾರ ನನಗೆ ಫೋನ್ ಬರುತ್ತೆ, "ತಮ್ಮಾ, ಕುಂದ್ರೂಣೇನು?" ಅಂತ. ಕೂರ್ತೀವಿ. ಎರಡು ಸಣ್ಣದು, ಒಂದು ಊಟ, ಒಂದು ಆಟೋ. ನಡುವಿನ ದಿನಗಳಲ್ಲಿ ಅವರು ಆ ಕೌಂಟರಿಗೆ ನಡೆದುಕೊಂಡು ಹೋಗ್ತಾರೋ ಏನೋ, ನಾನು ಕೇಳಿಲ್ಲ. ಡಾಕ್ಟರ್ ಹತ್ತಿರ ಒಂದು ಸಲ ಹೋಗಿ ಬರೋಣ ಅಂತ ಮಾತ್ರ ಎರಡು ಸಲ ಹೇಳಿದೀನಿ. ಒಂದು ಸಲ ಹೂಂ ಅಂದಿದಾರೆ.

ಮೆಸೇಜ್ ಕಳಿಸಿದ ಓದುಗರಿಗೆ: ಸಂಜೆ ಏಳರ ಮೇಲೆ ಇದನ್ನೇ ಮಾಡ್ತೀವಿ ಸರ್. ನೀವೂ ನಿಮ್ಮ ಮನೆಯಲ್ಲಿ ನಾಯಿ ಅಡ್ಡ ಬಂದ ಕಥೆ ಏನಾದರೂ ಇದ್ದರೆ, ಬೈಯೋ ಮೊದಲು ಒಂದು ಕುರ್ಚಿ ಎಳೆದು ಕೂರಿಸಿ ನೋಡಿ.

ಮರುದಿನ ಬೆಳಿಗ್ಗೆ ಸ್ಕೂಟರ್ ತರೋಕೆ ನಾನೇ ಹೋಗಿದ್ದೆ. ಬಾರಿನ ಪರದೆ ಕಟ್ಟಿಹಾಕಿ ಹುಡುಗನೊಬ್ಬ ನೆಲ ಒರೆಸ್ತಿದ್ದ. ಗಾಡಿಯ ಕಾಲಿಡೋ ಜಾಗದಲ್ಲಿ ಒಂದು ಕಂದು ಬಣ್ಣದ ನಾಯಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಎದುರಿನ ಅಂಗಡಿಯಿಂದ ಬಿಸ್ಕಿಟ್ ಪ್ಯಾಕೆಟ್ ತಂದು ಮುಂದಿಟ್ಟು, ಅದು ತಿಂದು ಮುಗಿಸೋ ತನಕ ನಿಂತಿದ್ದೆ. ಹಳೇ ಬಾಕಿ ಇತ್ತಲ್ಲ.